ತಾತನದು ಯಾವ ಏರ್‌ಫೋರ್ಸ್?

ರಾಬರ್ಟ್‌ಸನ್‌ಪೇಟೆಯ ಮನೆಯೊಂದರಲ್ಲಿ 'ತಾತ ಎರಡನೇ ಮಹಾಯುದ್ಧದಲ್ಲಿ ಏರ್‌ಫೋರ್ಸ್‌ನಲ್ಲಿದ್ದರು' ಎಂಬ ಮಾತು ಉಳಿದಿದ್ದರೆ, ದಾಖಲೆ ಹುಡುಕುವವರು ಮೊದಲು ಕೇಳಬೇಕಾದ್ದು: ಯಾವ ಏರ್‌ಫೋರ್ಸ್?

ಆಗ ಇಲ್ಲಿ ಎರಡು ಪಡೆಗಳಿದ್ದವು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಒಂದು; 1932ರಲ್ಲಿ ಹುಟ್ಟಿದ ಭಾರತೀಯ ವಾಯುಪಡೆ ಇನ್ನೊಂದು. 1945ರಲ್ಲಿ ಇದಕ್ಕೂ 'ರಾಯಲ್' ಎಂಬ ಉಪಾಧಿ ಅಂಟಿತು, 1950ರಲ್ಲಿ ಕಳಚಿತು. ಮನೆಮಂದಿಯ ನೆನಪಿನಲ್ಲಿ ಎರಡೂ ಬೆರೆತುಹೋಗಲು ಇಷ್ಟು ಸಾಕು. ಇದಲ್ಲದೆ, 1943ರಿಂದ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಅಮೆರಿಕದ ಯುದ್ಧವಿಮಾನಗಳ ದುರಸ್ತಿ ನಡೆಯುತ್ತಿತ್ತು. ಅಲ್ಲಿ ಸ್ಪ್ಯಾನರ್ ಹಿಡಿದ ನಾಗರಿಕ ನೌಕರನೂ ಮೊಮ್ಮಕ್ಕಳ ಬಾಯಲ್ಲಿ ಏರ್‌ಫೋರ್ಸಿನವನೇ! ಅಂಥವರ ಸೇನಾ ಕಡತ ಎಲ್ಲಿಯೂ ಸಿಗದು.

ಭಾರತೀಯ ವಾಯುಪಡೆಯ ಏರ್‌ಮನ್‌ಗಳ ವಿಚಾರಣೆಗೆ ದೆಹಲಿಯ ಸುಬ್ರತೊ ಪಾರ್ಕ್‌ನಲ್ಲಿ ರೆಕಾರ್ಡ್ ಆಫೀಸಿದೆ. ಬ್ರಿಟನ್ನಿನ ರಕ್ಷಣಾ ಇಲಾಖೆಯಾದರೋ 2022ರಿಂದ ತನ್ನ ಹಳೆಯ ಸೇವಾ ಕಡತಗಳನ್ನು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರಕ್ಕೆ ಸಾಗಿಸತೊಡಗಿದೆ.

ಎರಡು ಕಡೆಯೂ ಹೆಸರಿಗಿಂತ ಸೇವಾ ಸಂಖ್ಯೆಗೆ ಬೆಲೆ ಹೆಚ್ಚು. ಒಂದೇ ಹೆಸರಿನವರು ಹಲವರಿರುತ್ತಾರೆ. ಪೆಟ್ಟಿಗೆಯಲ್ಲಿ ಬರ್ಮಾ ಸ್ಟಾರ್ ಪದಕ ಸಿಕ್ಕರೂ ಸಾಲದು. ಬ್ರಿಟನ್ ತನ್ನ ಪಡೆಗಳಿಗೆ ಅದನ್ನು ಹೆಸರು ಕೆತ್ತದೆಯೇ ಹಂಚಿತ್ತು. ಸಂಖ್ಯೆ ಇರುವುದು ಡಿಸ್‌ಚಾರ್ಜ್ ಪತ್ರದಲ್ಲಿ. ಸ್ವಾತಂತ್ರ್ಯಾನಂತರ ಚಿನ್ನದ ಗಣಿಯ ಆಂಗ್ಲೋ-ಇಂಡಿಯನ್ ಕುಟುಂಬಗಳು ಹಲವು ಇಂಗ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೊರಟುಹೋದವು. ಫೋಟೋ ರಾಬರ್ಟ್‌ಸನ್‌ಪೇಟೆಯಲ್ಲಿ ಉಳಿದಿದ್ದರೂ ಆ ಪತ್ರ ಪರ್ತ್‌ನಲ್ಲಿರುವ ನೆಂಟರ ಟ್ರಂಕಿನಲ್ಲಿರಬಹುದು.