ಹಟ್ಟಿ ಗಣಿಯ ಆಳದಲ್ಲಿ ಗಾಳಿಯ ಲೆಕ್ಕ

ತಾಪ ಬದಲಾಗದಂತೆ ಕಾಯ್ದುಕೊಂಡು ಅನಿಲವೊಂದರ ಮೇಲಿನ ಒತ್ತಡವನ್ನು ಇಮ್ಮಡಿ ಮಾಡಿದರೆ ಅದರ ಗಾತ್ರ ಅರ್ಧಕ್ಕಿಳಿಯುತ್ತದೆ ಎಂಬುದು ರಾಬರ್ಟ್ ಬಾಯ್ಲ್ 1662ರಲ್ಲಿ ಪ್ರಕಟಿಸಿದ ನಿಯಮ. ವಿದ್ಯಾರ್ಥಿಗಳು ಇದರ ಉತ್ತರಾರ್ಧವನ್ನು ಬಾಯಿಪಾಠ ಮಾಡಿ ಷರತ್ತನ್ನು ಮರೆಯುವುದೇ ಹೆಚ್ಚು. ಆದರೆ ನಿಯಮದ ಜೀವ ಇರುವುದು ಆ ಷರತ್ತಿನಲ್ಲೇ. ಅದು ಎಲ್ಲಿ ಸಡಿಲಗೊಳ್ಳುತ್ತದೆ ಎಂಬುದನ್ನು ಅರಿಯಲು ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಗಿಂತ ಒಳ್ಳೆಯ ಉದಾಹರಣೆ ರಾಯಚೂರು ಸೀಮೆಯಲ್ಲಿ ಸಿಗುವುದು ಕಷ್ಟ.

ಅನಿಲವೆಂದರೆ ಒಂದಕ್ಕೊಂದು ದೂರವಿದ್ದು ಎಲ್ಲ ದಿಕ್ಕಿಗೂ ಧಾವಿಸುವ ಅಣುಗಳ ಸಮೂಹ. ಅವು ಪಾತ್ರೆಯ ಗೋಡೆಗೆ ಬಡಿಯುವುದರಿಂದ ಒತ್ತಡ ಉಂಟಾಗುತ್ತದೆ, ಅವುಗಳ ಓಟದ ಬಿರುಸನ್ನು ತಾಪ ತೋರಿಸುತ್ತದೆ. ಗಣಿಯ ಶಾಫ್ಟ್‌ನಲ್ಲಿ, ಅಂದರೆ ನೆಲಮಟ್ಟದಿಂದ ನೇರವಾಗಿ ಕೆಳಗಿಳಿಯುವ ಬಾವಿಯಂಥ ದಾರಿಯಲ್ಲಿ, ಗಾಳಿ ಇಳಿದಂತೆಲ್ಲ ಅದರ ಮೇಲಿರುವ ಗಾಳಿಯ ಭಾರ ಹೆಚ್ಚುತ್ತ ಹೋಗಿ, ಒಂದು ಕಿಲೋಮೀಟರ್ ಆಳದಲ್ಲಿ ಒತ್ತಡ ಸುಮಾರು ಶೇಕಡಾ 12ರಷ್ಟು ಏರುತ್ತದೆ. ತಾಪ ಬದಲಾಗದಿದ್ದರೆ ಗಾತ್ರ ಶೇಕಡಾ 11ರಷ್ಟು ಕುಗ್ಗಬೇಕಿತ್ತು; ಆದರೆ ಅದುಮಿಸಿಕೊಂಡ ಗಾಳಿ ತಾನೇ ಬಿಸಿಯಾಗುವುದರಿಂದ ಅದು ಕುಗ್ಗುವುದು ಸುಮಾರು ಶೇಕಡಾ 8ರಷ್ಟು ಮಾತ್ರ. ಒಣಗಾಳಿ ಪ್ರತಿ 100 ಮೀಟರ್ ಇಳಿತಕ್ಕೆ ಹತ್ತಿರ ಹತ್ತಿರ 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗುತ್ತದೆ. ಒದ್ದೆ ಗೋಡೆಗಳ ನೀರು ಆವಿಯಾಗುತ್ತ ಈ ಬಿಸಿಯಲ್ಲಿ ಒಂದು ಪಾಲನ್ನು ಹೀರಿಕೊಂಡರೂ ತೇವಾಂಶ ಹೆಚ್ಚಿ ಬೆವರು ಆರದಂತಾಗುತ್ತದೆ, ಆಳದ ಬಂಡೆಯ ಕಾವೂ ಅದಕ್ಕೆ ಸೇರುತ್ತದೆ. ಬೇಸಿಗೆಯಲ್ಲಿ ನೆಲದ ಮೇಲೆಯೇ 40 ಡಿಗ್ರಿ ದಾಟುವ ಈ ಜಿಲ್ಲೆಯಲ್ಲಿ ಇದು ಪುಸ್ತಕದ ಲೆಕ್ಕವಾಗಿ ಉಳಿಯದೆ, ಕೆಳಗೆ ದುಡಿಯುವವರ ಉಸಿರಿನ, ಆಯಾಸದ ಪ್ರಶ್ನೆಯಾಗುತ್ತದೆ. ಇಂಥ ಗಣಿಗಳ ವಾತಾಯನವನ್ನು ಯೋಜಿಸುವ ಎಂಜಿನಿಯರುಗಳು, ದಾರಿಯುದ್ದಕ್ಕೂ ಬದಲಾಗುವ ಗಾತ್ರಕ್ಕಿಂತ ಬದಲಾಗದ ದ್ರವ್ಯರಾಶಿಯನ್ನೇ ಹೆಚ್ಚು ನೆಚ್ಚುವುದು ಈ ಕಾರಣಕ್ಕೆ.

ಗಟ್ಟಿ ಬಂಡೆಗೆ ರಂಧ್ರ ಕೊರೆಯುವ ಜಾಕ್‌ಹ್ಯಾಮರ್‌ನಲ್ಲಿ ಇದೇ ಕ್ರಿಯೆ ತಿರುಗುಮುರುಗಾಗುತ್ತದೆ: ಕಂಪ್ರೆಸರ್‌ನಲ್ಲಿ ಅದುಮುವಾಗ ಬಿಸಿಯಾದ ಗಾಳಿಯನ್ನು ತಣಿಸಿ ಕೊಳವೆಯಲ್ಲಿ ಕಳಿಸಲಾಗುತ್ತದೆ, ಅದು ಯಂತ್ರದೊಳಗೆ ಹಿಗ್ಗಿ ಕೆಲಸ ಮಾಡಿ ಹೊರಬರುವಾಗ ತಣ್ಣಗಾಗಿರುತ್ತದೆ.

ಸಿಂಧನೂರಿನಿಂದ ಭತ್ತ ಹೇರಿಕೊಂಡು ಮಸ್ಕಿಯ ದಾರಿ ಹಿಡಿದ ಲಾರಿಯ ಟೈರಿನಲ್ಲಿ ಗಾತ್ರ ಹೆಚ್ಚುಕಡಿಮೆ ಸ್ಥಿರ. ಅಲ್ಲಿ ಒತ್ತಡ ತಾಪದೊಂದಿಗೆ ಏರುತ್ತದೆ. ಈ ಅನುಪಾತ ಸರಿಹೊಂದುವುದು ಮೈನಸ್ 273 ಡಿಗ್ರಿಯಿಂದ ಎಣಿಸುವ ಕೆಲ್ವಿನ್ ಮಾನದಲ್ಲಿ ಮಾತ್ರ. 27 ಡಿಗ್ರಿಯ ಗಾಳಿ 57 ಡಿಗ್ರಿಗೆ ಕಾದರೆ 300 ಕೆಲ್ವಿನ್ 330 ಆಗಿ ಒತ್ತಡ ಶೇಕಡಾ 10ರಷ್ಟು ಹೆಚ್ಚುತ್ತದೆಯೇ ಹೊರತು ಇಮ್ಮಡಿಯಾಗುವುದಿಲ್ಲ.

ಅಡುಗೆಮನೆಯ 14.2 ಕಿಲೋ ಸಿಲಿಂಡರ್ ಈ ಯಾವ ಸೂತ್ರಕ್ಕೂ ನೇರವಾಗಿ ಒಗ್ಗುವುದಿಲ್ಲ. ಅದರೊಳಗೆ ಹೆಚ್ಚಿನ ಭಾಗ ದ್ರವವಾಗಿರುವುದರಿಂದ, ಒಂದಿಷ್ಟು ಅನಿಲ ಹೊರಹೋದ ಕೂಡಲೇ ದ್ರವ ಆವಿಯಾಗಿ ಆ ಜಾಗ ತುಂಬುತ್ತದೆ, ತಾಪ ಬದಲಾಗದಿರುವ ತನಕ ಒತ್ತಡವೂ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಎಷ್ಟು ಗ್ಯಾಸ್ ಉಳಿದಿದೆ ಎಂಬುದನ್ನು ಅಲ್ಲಿ ತೂಕ ಹೇಳಬಲ್ಲದು, ಒತ್ತಡ ಹೇಳಲಾರದು.