ಗದ್ದಲಕ್ಕೂ ಅಂಕ ಇದೆ: ಬಾಕ್ಸಿಂಗ್ ಟಿಕೆಟ್ ಯಾರ ಕೈ ಸೇರುತ್ತೆ ಅನ್ನೋದು ಯಾಕೆ ಮುಖ್ಯ?

2017ರ ಜುಲೈ 2. ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಸನ್‌ಕಾರ್ಪ್ ಸ್ಟೇಡಿಯಂನಲ್ಲಿ 51 ಸಾವಿರಕ್ಕೂ ಹೆಚ್ಚು ಜನ. ರಿಂಗ್‌ನ ಒಂದು ಮೂಲೆಯಲ್ಲಿ ಮ್ಯಾನಿ ಪ್ಯಾಕಿಯಾವ್. ಎಂಟು ತೂಕ ವಿಭಾಗಗಳಲ್ಲಿ ವಿಶ್ವ ಚಾಂಪಿಯನ್ ಆಗಿದ್ದವರು, ಆಗ ಫಿಲಿಪೀನ್ಸ್‌ನ ಹಾಲಿ ಸೆನೆಟರ್ ಕೂಡ. ಇನ್ನೊಂದು ಮೂಲೆಯಲ್ಲಿ ಜೆಫ್ ಹಾರ್ನ್. ಅದೇ ಊರಿನವರು, ಹಿಂದೆ ಸ್ಕೂಲ್ ಮೇಷ್ಟ್ರಾಗಿದ್ದವರು. 12 ಸುತ್ತು ಮುಗಿದಾಗ ಮೂವರು ತೀರ್ಪುಗಾರರೂ ಹಾರ್ನ್ ಗೆದ್ದರು ಅಂದರು: 117-111, 115-113, 115-113.

ಆದರೆ ಹೊಡೆತ ಎಣಿಸುವ ಕಂಪ್ಯೂಬಾಕ್ಸ್ ಲೆಕ್ಕ ಬೇರೆಯೇ ಹೇಳುತ್ತಿತ್ತು. ಪ್ಯಾಕಿಯಾವ್ ಎಸೆದ 573 ಹೊಡೆತಗಳಲ್ಲಿ 182 ತಗುಲಿದ್ದವು. ಹಾರ್ನ್ ಎಸೆದ 625ರಲ್ಲಿ ತಗುಲಿದ್ದು ಬರೀ 92. ಒಂಬತ್ತನೇ ಸುತ್ತು ಮುಗಿದಾಗಲಂತೂ ಹಾರ್ನ್ ಸ್ಥಿತಿ ನೋಡಿ ರೆಫರಿಯೇ ಪಂದ್ಯ ನಿಲ್ಲಿಸುವ ಮಾತಾಡಿದ್ದರು.

ನಾನು ಆ ಪಂದ್ಯದ ರೆಕಾರ್ಡಿಂಗನ್ನು ಎರಡು ಸಲ ನೋಡಿದ್ದೇನೆ. ಮೊದಲ ಸಲ ಸೌಂಡ್ ಜೋರಾಗಿಟ್ಟು, ಸುತ್ತಿಗೊಂದು ಅಂಕ ಬರೆದುಕೊಂಡು. ಕೆಲವು ತಿಂಗಳ ನಂತರ ಮ್ಯೂಟ್ ಮಾಡಿ. ಮೊದಲ ಸಲ ಹಾರ್ನ್‌ಗೆ ಕೊಟ್ಟಿದ್ದ ಎರಡು ಸುತ್ತುಗಳನ್ನು ಎರಡನೇ ಸಲ ನಾನೇ ಪ್ಯಾಕಿಯಾವ್‌ಗೆ ಕೊಟ್ಟಿದ್ದೆ. ಮನೆಯಲ್ಲಿ ಕೂತು ನೋಡಿದ ನನ್ನ ಕಥೆಯೇ ಇದಾದರೆ, ರಿಂಗ್ ಪಕ್ಕ ಕೂತವರ ಕಥೆ ಏನು?

ಇಲ್ಲಿ ಒಂದು ವಿಷಯ ಗಮನಿಸಿ. ಆ ಮೂವರಲ್ಲಿ ಒಬ್ಬರೂ ಆಸ್ಟ್ರೇಲಿಯಾದವರಲ್ಲ. ಇಬ್ಬರು ಅಮೆರಿಕದವರು, ಒಬ್ಬರು ಅರ್ಜೆಂಟೀನಾದವರು. ಫಿಲಿಪೀನ್ಸ್ ಸರ್ಕಾರದ ಕ್ರೀಡಾ ಮಂಡಳಿ ದೂರು ಕೊಟ್ಟ ಮೇಲೆ ಡಬ್ಲ್ಯೂಬಿಒ ಸಂಸ್ಥೆ ಬೇರೆ ಐವರಿಂದ ಮರುಪರಿಶೀಲನೆ ಮಾಡಿಸಿತು. ಅಲ್ಲೂ ಹಾರ್ನ್ ಅವರೇ ಗೆದ್ದರು. ಹಾಗಾಗಿ ‘ತೀರ್ಪುಗಾರರನ್ನು ಖರೀದಿಸಿದ್ದರು’ ಎಂಬ ಮಾತನ್ನು ನಾನು ಒಪ್ಪಲ್ಲ. ಹಾರ್ನ್ ಮುನ್ನುಗ್ಗಿ ಆಡಿದ್ದು ನಿಜ, ಕೆಲವು ಸುತ್ತು ನಿಜಕ್ಕೂ ಹತ್ತಿರ ಇದ್ದವು. ನನ್ನ ಪ್ರಶ್ನೆ ಇಷ್ಟೇ: ಪ್ರಾಮಾಣಿಕವಾಗಿ ಕೂತ ಮನುಷ್ಯನ ಕಣ್ಣನ್ನೂ ಕಿವಿ ತಿರುಗಿಸಬಲ್ಲದಾ?

ತಿರುಗಿಸಬಲ್ಲದು ಅನ್ನೋದಕ್ಕೆ ಸಾಕಷ್ಟು ಆಧಾರ ಇದೆ. ಬ್ರಿಟನ್‌ನ ಬಾಲ್ಮರ್, ನೆವಿಲ್ ಮತ್ತು ಲೇನ್ ಎಂಬ ಸಂಶೋಧಕರು 1910ರಿಂದ 2002ರವರೆಗಿನ 788 ಯುರೋಪಿಯನ್ ಚಾಂಪಿಯನ್‌ಶಿಪ್ ಪಂದ್ಯಗಳನ್ನು ಜಾಲಾಡಿ 2005ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಬ್ಬರೂ ಸಮಬಲರು ಅಂತಿಟ್ಟುಕೊಂಡರೆ, ನಾಕೌಟ್‌ನಲ್ಲಿ ಮುಗಿದ ಪಂದ್ಯಗಳಲ್ಲಿ ತವರಿನವರು ಗೆಲ್ಲುವ ಸಾಧ್ಯತೆ ಶೇ. 57. ರೆಫರಿ ನಡುವೆ ಬಂದು ನಿಲ್ಲಿಸುವ ಟೆಕ್ನಿಕಲ್ ನಾಕೌಟ್‌ನಲ್ಲಿ ಶೇ. 66. ಅಂಕಗಳ ಮೇಲೆ ನಿರ್ಧಾರವಾದರೆ ಶೇ. 74.

ಈ ಮೂರು ಸಂಖ್ಯೆಗಳನ್ನು ಅದೇ ಕ್ರಮದಲ್ಲಿ ಇನ್ನೊಮ್ಮೆ ಓದಿ. ನಾಕೌಟ್ ಅಂದರೆ ಎದುರಾಳಿ ನೆಲಕ್ಕೆ ಬಿದ್ದು ಹತ್ತು ಎಣಿಸುವಷ್ಟರಲ್ಲಿ ಏಳಲಿಲ್ಲ, ಅಭಿಪ್ರಾಯಕ್ಕೆ ಜಾಗವೇ ಕಮ್ಮಿ. ಅಲ್ಲಿ ತವರಿನ ಲಾಭ ಸ್ವಲ್ಪ. ಮನುಷ್ಯರ ಅಭಿಪ್ರಾಯದ ಪಾಲು ಹೆಚ್ಚಿದಂತೆ ಲಾಭವೂ ಏರುತ್ತಾ ಹೋಗುತ್ತೆ. ಜನರ ಕೂಗು ಬಾಕ್ಸರ್ ತೋಳಿಗೆ ಶಕ್ತಿ ಕೊಡುತ್ತೆ ಅಂತ ನಾವು ಸಿನಿಮಾ ನೋಡಿ ನಂಬಿದ್ದೇವೆ. ಅದಕ್ಕಿಂತ ಹೆಚ್ಚಾಗಿ ಆ ಕೂಗು ತೀರ್ಪುಗಾರರ ಪೆನ್ನಿಗೆ ದಾರಿ ತೋರಿಸುತ್ತೆ.

ಹೇಗೆ ಅಂತ ಕೇಳಿದರೆ, ತೀರ್ಪುಗಾರರು ಕೂರುವ ಜಾಗ ನೋಡಿ. ಮೂವರೂ ರಿಂಗ್‌ನ ಮೂರು ಬದಿಗಳಲ್ಲಿ ಇರುತ್ತಾರೆ. ಬಾಕ್ಸರ್‌ನ ಬೆನ್ನೋ ರೆಫರಿಯೋ ಹಗ್ಗವೋ ಅಡ್ಡ ಬರುತ್ತೆ. ರೀಪ್ಲೇ ನೋಡುತ್ತಾ ಕೂರುವ ಹಾಗಿಲ್ಲ. ಸುತ್ತು ಮುಗಿದ ತಕ್ಷಣ ಗೆದ್ದವರಿಗೆ 10, ಸೋತವರಿಗೆ ಸಾಮಾನ್ಯವಾಗಿ 9 ಅಂತ ಬರೆದು ಕೊಡಬೇಕು. ಕಣ್ಣಿಗೆ ಕಾಣದ ಹೊಡೆತ ತಗುಲಿತೋ, ಗ್ಲೌಸ್ ಮೇಲೆ ಬಿತ್ತೋ ಅಂತ ಅನುಮಾನ ಬಂದ ಆ ಅರೆಕ್ಷಣದಲ್ಲಿ ಇಡೀ ಸ್ಟೇಡಿಯಂ ‘ಹೋ!’ ಅನ್ನುತ್ತೆ. ಹೊರಗಿನಿಂದ ಬಂದವರು ನೇರ ದವಡೆಗೆ ಹೊಡೆದರೂ ಮೌನ. ಮುಯ್ ಥಾಯ್ ತೀರ್ಪುಗಾರರ ಮೇಲೆ 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಕೆಲವರಿಗೆ ಪ್ರೇಕ್ಷಕರ ಸದ್ದು ಕೇಳಿಸಿದರು, ಇನ್ನು ಕೆಲವರಿಗೆ ಸದ್ದು ತಡೆಯುವ ಹೆಡ್‌ಫೋನ್ ಹಾಕಿಸಿದರು. ಸದ್ದು ಕೇಳಿದವರು ತವರಿನ ಸ್ಪರ್ಧಿಗೆ ಹೆಚ್ಚು ಅಂಕ ಕೊಟ್ಟರು.

ಈಗ ಟಿಕೆಟ್ ವಿಷಯಕ್ಕೆ ಬರೋಣ. ಗದ್ದಲಕ್ಕೆ ಅಂಕ ಇದೆ ಅಂದಮೇಲೆ, ಗದ್ದಲ ಮಾಡುವವರನ್ನು ಒಳಗೆ ಬಿಡುವ ಅಧಿಕಾರ ಯಾರದ್ದು?

2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ಪ್ಯಾಕಿಯಾವ್ ಮತ್ತು ಫ್ಲಾಯ್ಡ್ ಮೇವೆದರ್ ಎದುರಾದರು. ನಮಗಿಲ್ಲಿ ಅದು ಭಾನುವಾರದ ಬೆಳಗ್ಗೆ, ಇಡ್ಲಿ ತಿನ್ನುತ್ತಾ ನೋಡಿದ ಪಂದ್ಯ. ಪಂದ್ಯಕ್ಕೆ ಎರಡು ವಾರ ಇದ್ದರೂ ಟಿಕೆಟ್ ಮಾರಾಟ ಶುರುವಾಗಿರಲಿಲ್ಲ. ಕಾರಣ, ಯಾರಿಗೆಷ್ಟು ಟಿಕೆಟ್ ಅಂತ ಎರಡೂ ಕಡೆಯ ಪ್ರಮೋಟರ್‌ಗಳು ಮತ್ತು ಎಂಜಿಎಂ ಹೋಟೆಲ್ ನಡುವೆ ಜಗಳ. ಕೊನೆಗೆ ಸುಮಾರು 16 ಸಾವಿರ ಸೀಟುಗಳ ಅಂಗಳದಲ್ಲಿ ಸಾರ್ವಜನಿಕ ಮಾರಾಟಕ್ಕೆ ಬಂದದ್ದು ಸಾವಿರವೂ ಇಲ್ಲ. ಅವುಗಳ ಆರಂಭಿಕ ಬೆಲೆಯೇ 1,500 ಡಾಲರ್. ನಿಮಿಷಗಳಲ್ಲಿ ಖಾಲಿ. ಉಳಿದದ್ದೆಲ್ಲ ಹೋಟೆಲ್, ಪ್ರಮೋಟರ್, ಟಿವಿ ಕಂಪನಿಗಳು ಮತ್ತು ಅವರ ದೊಡ್ಡ ಗಿರಾಕಿಗಳ ಪಾಲು. ಗೇಟ್ ಕಲೆಕ್ಷನ್ 7 ಕೋಟಿ 20 ಲಕ್ಷ ಡಾಲರ್ ದಾಟಿತು.

ಸರಿ, ಅಲ್ಲಿ ಫಲಿತಾಂಶ ಏನಾಯ್ತು? ಇಷ್ಟೆಲ್ಲ ಆದ ಮೇಲೂ ಒಳಗಿದ್ದ ಬಹುಪಾಲು ಜನ ಪ್ಯಾಕಿಯಾವ್ ಪರ ಕೂಗಿದರು, ಮೇವೆದರ್‌ಗೆ ಛೀಮಾರಿ ಹಾಕಿದರು. ಆದರೂ ಮೇವೆದರ್ ಮೂರೂ ಕಾರ್ಡ್‌ಗಳಲ್ಲಿ ಸುಲಭವಾಗಿ ಗೆದ್ದರು. 2007ರಲ್ಲಿ ರಿಕಿ ಹ್ಯಾಟನ್ ಹಿಂದೆ ಬ್ರಿಟನ್‌ನಿಂದ ಸಾವಿರಾರು ಜನ ವೇಗಸ್‌ಗೆ ಹಾರಿದ್ದರು. ಟಿಕೆಟ್ ಸಿಗದವರು ಕ್ಯಾಸಿನೋಗಳ ದೊಡ್ಡ ಪರದೆ ಮುಂದೆ ಕೂತರು, ಸಿಕ್ಕವರು ಅಮೆರಿಕದ ರಾಷ್ಟ್ರಗೀತೆಗೇ ಕೂಗಾಡಿದರು. ಹತ್ತನೇ ಸುತ್ತಿನಲ್ಲಿ ಮೇವೆದರ್ ಅವರನ್ನು ಕೆಡವಿದರು. 2021ರಲ್ಲಿ ಲಂಡನ್‌ನಲ್ಲಿ 60 ಸಾವಿರಕ್ಕೂ ಹೆಚ್ಚು ಜನರ ಎದುರು ಉಕ್ರೇನ್‌ನ ಉಸಿಕ್, ತವರಿನ ಆಂಟನಿ ಜೋಶುವಾ ಅವರನ್ನು ಅಂಕಗಳಲ್ಲೇ ಸೋಲಿಸಿದರು.

ಅಂದರೆ ಸ್ಪಷ್ಟವಾಗಿ ಮೇಲಿರುವ ಬಾಕ್ಸರ್ ಅನ್ನು ಪ್ರೇಕ್ಷಕರು ಸೋಲಿಸಲಾರರು. ಹಣಾಹಣಿ ಸುತ್ತುಗಳಲ್ಲಿ ಮಾತ್ರ ಅವರ ಆಟ ನಡೆಯೋದು. ಆದರೆ ಉಸಿಕ್ ಗೆದ್ದ ಆ ರಾತ್ರಿಯೂ ಒಬ್ಬ ತೀರ್ಪುಗಾರರ ಕಾರ್ಡ್ 115-113 ಇತ್ತು. ಒಂದೇ ಒಂದು ಸುತ್ತು ಆಚೀಚೆಯಾಗಿದ್ದರೆ ಆ ಕಾರ್ಡ್ 114-114.

ಹೊರಗಿನಿಂದ ಬರುವ ಬಾಕ್ಸರ್‌ಗಳ ಕಡೆಯವರಿಗೆ ಇದು ಗೊತ್ತು. ಅದಕ್ಕೇ ಸಂಭಾವನೆ ಜೊತೆ ‘ನಮ್ಮವರಿಗೆ ಇಷ್ಟು ಟಿಕೆಟ್’ ಅಂತಲೂ ಚೌಕಾಸಿ ಮಾಡೋದು. ದೊಡ್ಡ ಹೆಸರಿದ್ದವರಿಗೆ ಆ ಚೌಕಾಸಿ ಸಾಧ್ಯ. ಖರ್ಚಿಗೆ ದುಡ್ಡು ಸಿಕ್ಕರೆ ಸಾಕು ಅಂತ ಬೇರೆ ದೇಶಕ್ಕೆ ಹೋಗಿ ಅಲ್ಲಿನ ಹೀರೋ ಎದುರು ನಿಲ್ಲುವ ಬಡ ಬಾಕ್ಸರ್‌ಗೆ ಇಲ್ಲ. ಅವರ ಪರ ಕೂಗೋಕೆ ಕೋಚ್ ಬಿಟ್ಟರೆ ಇನ್ಯಾರು? ಅವರ ದಾಖಲೆಯಲ್ಲಿ ಮಾತ್ರ ‘ಅಂಕಗಳಲ್ಲಿ ಸೋಲು’ ಅಂತ ಉಳಿಯುತ್ತೆ, ಮುಂದಿನ ಪಂದ್ಯದ ಸಂಭಾವನೆ ಇನ್ನೂ ಇಳಿಯುತ್ತೆ.

ಈಗ ದೊಡ್ಡ ಪಂದ್ಯಗಳು ಸೌದಿಗೆ ಹೋಗುತ್ತಿವೆ. 2024ರ ಮೇನಲ್ಲಿ ಉಸಿಕ್ ಮತ್ತು ಟೈಸನ್ ಫ್ಯೂರಿ ಎದುರಾದದ್ದು ರಿಯಾದ್‌ನಲ್ಲಿ, ಇಬ್ಬರಿಗೂ ತವರಲ್ಲದ ಜಾಗ. ಅಲ್ಲೂ ಒಬ್ಬ ತೀರ್ಪುಗಾರರು ಫ್ಯೂರಿ ಪರ, ಇಬ್ಬರು ಉಸಿಕ್ ಪರ. ಗದ್ದಲದ ಸಮಸ್ಯೆಗೆ ಇದು ಉತ್ತರ ಅಂತ ಕೆಲವರು ಹೇಳ್ತಾರೆ. ಒಂದು ರಾಜಮನೆತನದ ದುಡ್ಡಲ್ಲಿ ಸಿಗುವ ತಟಸ್ಥತೆ ನನಗಂತೂ ರುಚಿಸಲ್ಲ. ಮ್ಯಾಂಚೆಸ್ಟರ್‌ನ ಕಾರ್ಮಿಕ, ಕೀವ್‌ನ ವಿದ್ಯಾರ್ಥಿ ಇಬ್ಬರೂ ಹೊರಗೇ ಉಳಿದರು.

ಜನರನ್ನು ಸುಮ್ಮನಾಗಿಸೋದು ನನಗೆ ಬೇಡ. ತೀರ್ಪುಗಾರರಿಗೆ ಹೆಡ್‌ಫೋನ್ ಕೊಡಿ, ಅಡ್ಡ ಬಂದ ಕೋನ ಕಾಣುವಂತೆ ಮುಂದೆ ಒಂದು ಮಾನಿಟರ್ ಇಡಿ. ಪ್ರಶಸ್ತಿ ಪಂದ್ಯಗಳಲ್ಲಿ ಎರಡೂ ಕಡೆಗೆ ಕನಿಷ್ಠ ಇಷ್ಟು ಸೀಟು, ಸಾರ್ವಜನಿಕರಿಗೆ ಇಷ್ಟು ಸೀಟು ಅಂತ ನಿಯಮ ಮಾಡಿ, ಹಂಚಿಕೆಯನ್ನು ಪಂದ್ಯಕ್ಕೆ ಮೊದಲೇ ಪ್ರಕಟಿಸಿ. ಗ್ಲೌಸ್ ಎಷ್ಟು ಔನ್ಸ್ ಇರಬೇಕು, ಬಾಕ್ಸರ್ ಎಷ್ಟು ತೂಗಬೇಕು ಅಂತ ಬರೆದಿಡುವವರಿಗೆ ಇದನ್ನೂ ಬರೆಯೋದು ಕಷ್ಟವೇನಲ್ಲ. ಪ್ರಮೋಟರ್‌ಗಳು ಒಪ್ಪಲ್ಲ ಅನ್ನೋದು ಬೇರೆ ಮಾತು: 2015ರ ಆ ಟಿಕೆಟ್‌ಗಳು ಮರುಮಾರಾಟದಲ್ಲಿ ಮುಖಬೆಲೆಯ ಎಷ್ಟೋ ಪಟ್ಟು ದುಡ್ಡಿಗೆ ಹೋದವು.