ಹದಿಹರೆಯದವರ ತೀವ್ರ ಮೊಡವೆ: ಚಿಕಿತ್ಸೆಯ ಹಂತಗಳು

ಹದಿಹರೆಯದಲ್ಲಿ ಮೊಡವೆ ಸಹಜ. ಆದರೆ ನೋವಿನ ಗಂಟುಗಳಾಗಿ ಪದೇ ಪದೇ ಮರುಕಳಿಸುವ ಮೊಡವೆಯು ಚಿಕಿತ್ಸೆ ಅಗತ್ಯವಿರುವ ಚರ್ಮರೋಗ. ವಿಳಂಬವಾದರೆ ಮುಖದಲ್ಲಿ ಕುಳಿಗಳು ಶಾಶ್ವತವಾಗಿ ಉಳಿಯಬಹುದು.

ಮೊದಲ ಹಂತದಲ್ಲಿ ಬೆಂಜಾಯಿಲ್ ಪೆರಾಕ್ಸೈಡ್ ಹಾಗೂ ಅಡಾಪಲೀನ್ ಲೇಪನಗಳನ್ನು ಸೂಚಿಸಲಾಗುತ್ತದೆ. ಗುಣ ಕಾಣಲು 8ರಿಂದ 12 ವಾರಗಳು ಬೇಕು, ನಡುವೆ ನಿಲ್ಲಿಸಬಾರದು. ಉರಿಯೂತ ಹೆಚ್ಚಿದ್ದಲ್ಲಿ ಲೇಪನದೊಂದಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಸಾಮಾನ್ಯವಾಗಿ 3 ತಿಂಗಳ ಮಿತಿಯಲ್ಲಿ ನೀಡಲಾಗುತ್ತದೆ. ಇದರಿಂದಲೂ ಶಮನವಾಗದಿದ್ದಲ್ಲಿ ಚರ್ಮರೋಗ ತಜ್ಞರು ರಕ್ತಪರೀಕ್ಷೆ ನಡೆಸಿ ಐಸೊಟ್ರೆಟಿನಾಯಿನ್ ಆರಂಭಿಸುತ್ತಾರೆ. ಈ ಔಷಧವು ಗರ್ಭಸ್ಥ ಶಿಶುವಿಗೆ ತೀವ್ರ ಹಾನಿ ಉಂಟುಮಾಡುವುದರಿಂದ, ಸೇವನೆಯ ಅವಧಿಯಲ್ಲೂ ನಂತರದ ಒಂದು ತಿಂಗಳೂ ಗರ್ಭಧಾರಣೆ ಆಗಕೂಡದು. ಹೆಣ್ಣುಮಕ್ಕಳಲ್ಲಿ ಮುಟ್ಟು ಏರುಪೇರಾಗಿದ್ದರೆ ಹಾರ್ಮೋನು ತಪಾಸಣೆಯೂ ಅವಶ್ಯ.

ಸ್ಟಿರಾಯ್ಡ್ ಬೆರೆತ ಬಿಳುಪಿನ ಕ್ರೀಮುಗಳು ಆರಂಭದಲ್ಲಿ ಗುಣವಾದಂತೆ ತೋರಿ, ಬಳಿಕ ಮೊಡವೆಯನ್ನು ಉಲ್ಬಣಗೊಳಿಸುತ್ತವೆ. ಇಂತಹ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು.

ದೇವದುರ್ಗ, ಮಾನ್ವಿ ಭಾಗದವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಅಗತ್ಯವಿದ್ದಲ್ಲಿ ರಾಯಚೂರಿನ ರಿಮ್ಸ್ ಬೋಧಕ ಆಸ್ಪತ್ರೆಗೆ ತೆರಳಬಹುದು. ಮುಖ ಮರೆಸಿಕೊಳ್ಳುವ, ಶಾಲೆಗೆ ಹೋಗಲು ಹಿಂಜರಿಯುವ ಮಕ್ಕಳಿಗೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತ ಆಪ್ತಸಮಾಲೋಚನೆ ದೊರೆಯುತ್ತದೆ. ಸದಸ್ಯರು ಈ ಮಾಹಿತಿಯನ್ನು ಗ್ರಾಮಸಭೆ ಹಾಗೂ ಆಶಾ ಕಾರ್ಯಕರ್ತೆಯರ ಮೂಲಕ ಪ್ರತಿ ಮನೆಗೂ ತಲುಪಿಸುವುದು.